ತಲೆಕೆಳಗಾದ ತೇರು

ಅಕ್ಕಾರನ್ನ ಕೇಳ್ರಿ: ಓದುಗರ ಪ್ರಶ್ನೆಗಳಿಗೆ ಬಾಗಲಕೋಟೆಯಿಂದ ಉತ್ತರ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾನು ವಿಜಯಪುರದಾಗ ಬಿ.ಕಾಂ. ಓದಾಕತ್ತೀನಿ. ನನ್ನ ಹುಟ್ಟಿದ ಹಬ್ಬಕ್ಕ ನಮ್ಮಣ್ಣ ಬೆಂಗಳೂರಿನಿಂದ ಮೇಕಪ್ ಸೆಟ್ ತಂದುಕೊಟ್ಟ. ಹೊರದೇಶದ ಕಂಪನೀದು, ಲಿಮಿಟೆಡ್ ಎಡಿಷನ್. ಎರಡು ಲಿಪ್‌ಸ್ಟಿಕ್, ಒಂದು ಐಶ್ಯಾಡೋ, ಒಂದು ಕಾಜಲ್ ಅದಾವ. ಡಬ್ಬಿ ಮ್ಯಾಲೆ ಇರೋದು ನಮ್ಮ ಗುಳೇದಗುಡ್ಡದಾಗ ನೇಯೋ ರವಿಕಿ ಬಟ್ಟಿ, ಖಣದ ನಮೂನಿ ಅಂತ ನನಗ ಅನ್ನಿಸ್ತದ. ಆದರ ಎಲ್ಲೂ ಖಣ ಅಂತಾಗಲಿ, ಗುಳೇದಗುಡ್ಡ ಅಂತಾಗಲಿ ಬರದಿಲ್ಲ. ಬುಡಕಟ್ಟು ಅನ್ನೋ ಅರ್ಥದ ಇಂಗ್ಲಿಷ್ ಮಾತೊಂದು ಅದ, ಅಷ್ಟ. ಗೆಳತ್ಯಾರು "ನಮ್ಮ ಖಣ ಫಾರಿನ್ನಿಗೆ ಹೋತು, ಖುಷಿ ಪಡು" ಅಂತಾರ. ಕಾಕಾನ ಮಗಳು "ಇದು ಕಲ್ಚರಲ್ ಅಪ್ರೋಪ್ರಿಯೇಷನ್, ವಾಪಸ್ ಮಾಡು" ಅಂತ ಹಟ ಹಿಡಿದಾಳ. ನಮ್ಮಾಯಿ ಗುಳೇದಗುಡ್ಡದಾಗ ಹುಟ್ಟಿ ಬೆಳೆದಾಕಿ. ಡಬ್ಬಿ ಕೈಯಾಗ ತೊಗೊಂಡು ಏನೂ ಅನ್ನಲಿಲ್ಲ, ತಿರುವಿ ಇಟ್ಟಳು. ನಾನು ಸರಿಯಾಗಿ ಇಟ್ಟೆ. ಆಕಿ ಮತ್ತ ತಿರುವಿದಳು. ಫೋಟೊ ಕಳಿಸೀನಿ. ಇದು ತಪ್ಪೋ, ಅಲ್ಲೋ? ಅಣ್ಣನ ಮನಸ್ಸೂ ನೋಯಬಾರದು.
(ಹೆಸರು ಬ್ಯಾಡ, ವಿಜಯಪುರ)

ಉತ್ತರ: ತಂಗಿ, ನಿನ್ನ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಮೊದಲು ಆಯಿಯ ವಿಷಯ ಹೇಳಿಬಿಡುತ್ತೇನೆ. ಆಕೆ ಮಾಡಿದ್ದು ಸರಿ. ಡಬ್ಬಿಯ ಮೇಲಿರುವುದು ಖಣದ 'ತೇರು' ನಮೂನೆ. ಕಂಪನಿಯ ಅಕ್ಷರ ಓದಲು ಬರುವ ಹಾಗೆ ಹಿಡಿದರೆ ತೇರಿನ ತುದಿ ಕೆಳಗಾಗುತ್ತದೆ, ಬುಡ ಮೇಲಾಗುತ್ತದೆ. ಆಯಿ ಅಕ್ಷರ ನೋಡಲಿಲ್ಲ, ತೇರು ನೋಡಿದಳು. ತಲೆಕೆಳಗಾಗಿದ್ದ ತೇರನ್ನು ನೆಟ್ಟಗೆ ನಿಲ್ಲಿಸಿದಳು. ನೀನು ಮತ್ತೆ ಕೆಡವಿದೆ, ಆಕೆ ಮತ್ತೆ ನಿಲ್ಲಿಸಿದಳು.

ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ನಾನೂ ಗುಳೇದಗುಡ್ಡದ ಮಗಳೇ. ನಮ್ಮಪ್ಪ ಕೂಲಿ ನೇಕಾರ. ಮಾಲಕರ ಮನೆಯಿಂದ ನೂಲು ತರುವುದು, ನೇಯ್ದು ಮುಟ್ಟಿಸುವುದು, ಕೂಲಿ ಎಣಿಸಿಕೊಂಡು ಬರುವುದು. ಶಾಲೆ ಬಿಟ್ಟು ಬಂದವಳು ನಾನು ಕಂಡಿಕಿ ಸುತ್ತಲು ಕೂಡುತ್ತಿದ್ದೆ. ಅಕ್ಷರ ಕಲಿಯುವುದಕ್ಕೂ ಮೊದಲು ನಮಗೆ ನಮೂನೆಗಳ ಹೆಸರು ಬಾಯಿಪಾಠವಾಗಿದ್ದವು: ತೇರು, ಆನೆ ಹೆಜ್ಜೆ, ಸೂಜಿಮಲ್ಲಿಗೆ, ಸಿದ್ದೇಶ್ವರ ಮುಕುಟ. ಊರಿನ ಟೇಲರ್ ಕುಬಸ, ಅಂದರೆ ರವಿಕೆ, ಕತ್ತರಿಸುವ ಮೊದಲು ತೇರು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಯೇ ಕತ್ತರಿ ಹಾಕುತ್ತಿದ್ದ. ಅದನ್ನು ಯಾರೂ ಅವನಿಗೆ ಕಲಿಸಿದ್ದಲ್ಲ. ಅದಕ್ಕೊಂದು ಹೆಸರಿದೆ ಎಂದು ಗೊತ್ತಿದ್ದವರಿಗೆ ಅದಕ್ಕೊಂದು ತಲೆ, ಒಂದು ಕಾಲು ಇದೆ ಎಂಬುದೂ ಗೊತ್ತಿರುತ್ತದೆ.

ನಿನ್ನ ಡಬ್ಬಿ ಮಾಡಿದವರಿಗೆ ಹೆಸರು ಗೊತ್ತಿರಲಿಲ್ಲ. ನಾನು ತಪ್ಪು ಎನ್ನುವುದು ಇದನ್ನೇ. ಬಣ್ಣ, ಗೆರೆ, ಅಂಚು ಎಲ್ಲವನ್ನೂ ತೆಗೆದುಕೊಂಡರು. ಹೆಸರನ್ನೂ ಊರನ್ನೂ ನೇಯ್ದವರನ್ನೂ ಇಲ್ಲೇ ಬಿಟ್ಟು ಹೋದರು. ಖಾಲಿಯಾದ ಜಾಗದಲ್ಲಿ 'ಬುಡಕಟ್ಟು' ಎಂಬ ಮಾತು ಅಂಟಿಸಿದರು. ಗುಳೇದಗುಡ್ಡದ ನೇಕಾರರನ್ನು ಬುಡಕಟ್ಟು ಎಂದರೆ ಅದು ನೇಕಾರರಿಗೂ ನ್ಯಾಯವಲ್ಲ, ನಿಜವಾದ ಬುಡಕಟ್ಟುಗಳ ಜನರಿಗೂ ನ್ಯಾಯವಲ್ಲ.

ನಿನ್ನ ಕಾಕಾನ ಮಗಳು ಹೇಳಿದ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಸಂಸ್ಕೃತಿಯ ಕಬಳಿಕೆ ಎನ್ನುತ್ತಾರೆ. ಹೊಲದ ಬದು ಒತ್ತುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಮೇಕಪ್ ಡಬ್ಬಿಗಳ ಮೇಲೆ ಈ ಜಗಳ ಹೊಸದೇನಲ್ಲ. 2016ರಲ್ಲಿ ಮ್ಯಾಕ್ ಕಂಪನಿ 'ವೈಬ್ ಟ್ರೈಬ್' ಎಂಬ ಲಿಮಿಟೆಡ್ ಎಡಿಷನ್ ತಂದಿತು. ಡಬ್ಬಿಗಳ ಮೇಲಿನ ಬಣ್ಣದ ಪಟ್ಟಿ, ಮೂಲೆಮೂಲೆಯ ಗೆರೆಗಳನ್ನು ನೋಡಿದ ಅಮೆರಿಕದ ಮೂಲನಿವಾಸಿಗಳು ಇವು ನಮ್ಮ ನೇಯ್ಗೆಯ ನಮೂನೆಗಳ ಹಾಗಿವೆ ಎಂದರು. ಕಂಪನಿ ಒಪ್ಪಲಿಲ್ಲ. ಬಯಲಿನ ಸಂಗೀತೋತ್ಸವಗಳಿಂದ, ಮರುಭೂಮಿಯ ಕಲೆ ಮತ್ತು ಬಣ್ಣಗಳಿಂದ ಪ್ರೇರಣೆ ಪಡೆದದ್ದು, ಮೂಲನಿವಾಸಿಗಳ ಸಂಸ್ಕೃತಿಗೂ ಇದಕ್ಕೂ ಸಂಬಂಧವಿಲ್ಲ ಎಂದಿತು. ಆ ಉತ್ತರ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಮರುಭೂಮಿ ತಾನೇ ಕೂತು ಕಂಬಳಿ ನೇಯುವುದಿಲ್ಲ.

ಅದೇ ಕಂಪನಿ 2010ರಲ್ಲಿ ರೊಡಾರ್ಟೆ ಎಂಬ ಉಡುಪು ವಿನ್ಯಾಸಕರ ಜೊತೆ ಸೇರಿ ಒಂದು ಸಂಗ್ರಹ ಸಿದ್ಧಮಾಡಿತ್ತು. ಮೆಕ್ಸಿಕೊದ ಹ್ವಾರೆಸ್ ಎಂಬ ಗಡಿ ಊರಿನಲ್ಲಿ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ಕೊಲೆಯಾಗಿದ್ದಾರೆ. ಇವರು ಉಗುರುಬಣ್ಣಗಳಿಗೆ 'ಹ್ವಾರೆಸ್', 'ಫ್ಯಾಕ್ಟರಿ' ಎಂದು ಹೆಸರಿಟ್ಟರು. ಜನ ಸಿಟ್ಟಾದರು. ಕಂಪನಿ ಕ್ಷಮೆ ಕೇಳಿತು, ಕೊನೆಗೆ ಆ ಸಂಗ್ರಹವನ್ನು ಮಾರಾಟಕ್ಕೆ ಬಿಡಲೇ ಇಲ್ಲ. ಇದನ್ನು ಯಾಕೆ ಹೇಳಿದೆ ಎಂದರೆ, ಕೇಳುವವರು ಇದ್ದರೆ ಕಂಪನಿಗಳು ಕಿವಿಗೊಡುತ್ತವೆ.

ಹಾಗೆಂದು ನಮ್ಮ ಬಟ್ಟೆಯನ್ನು ಹೊರಗಿನವರು ಮುಟ್ಟಲೇಬಾರದು ಎನ್ನುವವಳು ನಾನಲ್ಲ. ಮಹಾರಾಷ್ಟ್ರದ ಹೆಣ್ಣುಮಕ್ಕಳು ತಲೆಮಾರುಗಳಿಂದ ನಮ್ಮ ಖಣದ ಕುಬಸ ತೊಟ್ಟಿದ್ದಾರೆ. ಅವರೂ ಅದನ್ನು ಖಣ ಎಂದೇ ಕರೆಯುತ್ತಾರೆ, ಗುಳೇದಗುಡ್ಡದ್ದು ಎಂದು ಕೇಳಿ ಕೊಳ್ಳುತ್ತಾರೆ, ದುಡ್ಡು ಕೊಡುತ್ತಾರೆ. ಅವರು ಕೊಂಡದ್ದರಿಂದಲೇ ನಮ್ಮ ಮನೆಯ ಒಲೆ ಉರಿದಿದೆ. ನಮ್ಮಲ್ಲಿ ಯಾರೂ ಅವರನ್ನು ಕಳ್ಳರು ಎಂದಿಲ್ಲ.

ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ನೋಡು. ಅಲ್ಲಿಯೂ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಸರಕು ಇಂಥ ಕಡೆಯದೇ ಎಂದು ಕಾನೂನು ಕೊಡುವ ಭೌಗೋಳಿಕ ಗುರುತು, ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಊರಿನ ಪ್ರದರ್ಶನದಲ್ಲಿ ಅದೇ ತರಹದ ಚಪ್ಪಲಿಯನ್ನು ಬರೀ ಚರ್ಮದ ಸ್ಯಾಂಡಲ್ ಎಂದು ತೋರಿಸಿತು. ಇಲ್ಲಿ ಕೂಗೆದ್ದ ಮೇಲೆ ಇದು ಭಾರತದ ಕೈಕೆಲಸದಿಂದ ಬಂದ ಪ್ರೇರಣೆ ಎಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮವಾದ ನಮ್ಮ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿನ ಕುಶಲಕರ್ಮಿಗಳ ಕೈಯಲ್ಲೇ 2,000 ಜೋಡಿ ಮಾಡಿಸುವುದಾಗಿ ಹೇಳಿತು. ಅದೂ ಲಿಮಿಟೆಡ್ ಎಡಿಷನ್ನೇ. ಆದರೆ ಅಲ್ಲಿ ಮಾಡುವವರಿಗೆ ಕೆಲಸ ಬಂತು. ನನಗೊಂದು ಕೊರಗು ಉಳಿದೇ ಇದೆ: ಅಥಣಿಯಲ್ಲಿ ಚರ್ಮದ ಎಳೆ ಹೆಣೆಯುವ ಹೆಣ್ಣುಮಗಳ ಊರಿನ ಹೆಸರು ಆ ಚಪ್ಪಲಿಗೆ ಇವತ್ತಿಗೂ ಇಲ್ಲ. ಅದನ್ನು ಪ್ರಾಡಾ ಕಿತ್ತುಕೊಂಡದ್ದಲ್ಲ. ನಾವೇ ಅಂಗಡಿಯಲ್ಲಿ ಕೇಳುವಾಗ ಅಥಣಿ ಎನ್ನುವುದಿಲ್ಲ.

ಖಣದ ವಿಷಯಕ್ಕೆ ಬಂದರೆ ಇನ್ನೊಂದು ಸಂಕಟವಿದೆ. ಖಣ ನಮಗೆ ಬರೀ ಬಟ್ಟೆ ಆಗಿರಲಿಲ್ಲ. ಬಸುರಿಗೆ ಕುಬಸದ ಶಾಸ್ತ್ರ ಮಾಡುವಾಗ, ಮಗಳನ್ನು ತವರಿನಿಂದ ಕಳಿಸುವಾಗ, ಸವದತ್ತಿ ಎಲ್ಲಮ್ಮನಿಗೆ, ಬಾದಾಮಿ ಬನಶಂಕರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬಿನ ಜೊತೆ ಖಣ ಇರಲೇಬೇಕು. ಉಡಿಯಲ್ಲಿ ಬಂದ ಖಣವನ್ನು ಮಡಿಸಿ ಟ್ರಂಕಿನಲ್ಲಿಡುತ್ತಾರೆ, ಎಸೆಯುವುದಿಲ್ಲ. ನಾನು ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ ಮೂವತ್ತು ವರ್ಷ ಬಳೆ, ಕುಂಕುಮ, ಸ್ನೋ, ಪೌಡರಿನ ಅಂಗಡಿ ನಡೆಸಿದವಳು. ಹಳೆ ಊರಿಗೆ ಆಲಮಟ್ಟಿ ಹಿನ್ನೀರು ಬಂದಾಗ ಅದೇ ಸಾಮಾನು ಹೇರಿಕೊಂಡು ನವನಗರಕ್ಕೆ ಬಂದವಳು. ನನ್ನ ಅತ್ತೆಯ ಕುಂಕುಮದ ಭರಣಿ ಹಿತ್ತಾಳೆಯದು. ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಕುಂಕುಮ ತೀರಿದರೆ ಮತ್ತೆ ತುಂಬುತ್ತಿದ್ದರು, ಭರಣಿ ಅದೇ. ಈಗಲೂ ನನ್ನ ದೇವರ ಮಾಡದಲ್ಲಿದೆ. ನಿನ್ನ ಲಿಪ್‌ಸ್ಟಿಕ್ ತೀರಿದ ದಿನ ಆ ತೇರು ಕಸದ ಗಾಡಿ ಹತ್ತುತ್ತದೆ. ನನ್ನ ಹೊಟ್ಟೆಯಲ್ಲಿ ಕಸಿವಿಸಿಯಾಗುವುದು ಇಲ್ಲಿ.

ಈಗ ನೀನು ಏನು ಮಾಡಬೇಕು? ವಾಪಸ್ ಮಾಡಬೇಡ. ಅಣ್ಣ ಪ್ರೀತಿಯಿಂದ ತಂದದ್ದು, ಅವನಿಗೆ ಏನೂ ಅನ್ನಬೇಡ. ಹಚ್ಚಿಕೋ. ಆದರೆ ಕಂಪನಿಗೆ ಒಂದು ಪತ್ರ ಬರೆ. ಡಬ್ಬಿಯ ಕೆಳಗೆ ಮಿಂಚಂಚೆಯ ವಿಳಾಸ ಇರುತ್ತದೆ. ಸಿಟ್ಟಿನ ಮಾತು ಬೇಡ. ಈ ನಮೂನೆಯ ಹೆಸರು ತೇರು, ಇದು ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣದ್ದು, ನೀವು ಇದನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದೀರಿ, ಇದನ್ನು ಎಲ್ಲಿಂದ ತೆಗೆದುಕೊಂಡಿರಿ, ಯಾವ ನೇಕಾರರಿಗೆ ಏನು ಕೊಟ್ಟಿರಿ ಎಂದು ಕೇಳು. ಆಯಿ ಎರಡು ಸಲ ಡಬ್ಬಿ ತಿರುವಿದ್ದನ್ನೂ ಬರೆ. ಕನ್ನಡದಲ್ಲೂ ಬರೆ, ಇಂಗ್ಲಿಷಿನಲ್ಲೂ ಬರೆ. ಮತ್ತೆ ಡಬ್ಬಿಯನ್ನು ಆಯಿ ಇಟ್ಟ ಹಾಗೇ ಇಡು.

ಪ್ರಶ್ನೆ: ಬೆಳಗಾವಿಯಲ್ಲಿ ಬ್ರೈಡಲ್ ಮೇಕಪ್ ಮಾಡುತ್ತೇನೆ. ಮದುವೆ ಸೀಸನ್ನಿಗೆ ನನ್ನದೇ ಹೆಸರಿನಲ್ಲಿ ಇನ್ನೂರು ಕಿಟ್ ಮಾಡಿಸಬೇಕೆಂದಿದ್ದೇನೆ. ಬಾಕ್ಸಿನ ಮೇಲೆ ಲಂಬಾಣಿ ಕಸೂತಿಯ ಕನ್ನಡಿ, ಕವಡೆಗಳ ಚಿತ್ರ ಹಾಕಿಸಿದರೆ ಚಂದ ಕಾಣುತ್ತದೆ. ನಾವೂ ಕರ್ನಾಟಕದವರೇ ಅಲ್ಲವೇ, ನಮಗೂ ಈ ಮಾತು ಅನ್ವಯಿಸುತ್ತದೆಯೇ?
(ಓದುಗಿ, ಟಿಳಕವಾಡಿ, ಬೆಳಗಾವಿ)

ಉತ್ತರ: ಅನ್ವಯಿಸುತ್ತದೆ. ಒಂದೇ ರಾಜ್ಯ ಎಂದ ಮಾತ್ರಕ್ಕೆ ಒಂದೇ ಮನೆ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನದೊಂದು ತಪ್ಪು ಹೇಳಿಕೊಳ್ಳುತ್ತೇನೆ. ನನ್ನ ಅಂಗಡಿಗೆ ತಾಂಡಾದ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಮೈತುಂಬ ಕನ್ನಡಿ, ಕವಡೆ, ಕೈತುಂಬ ಬಿಳಿ ಬಳೆ. ಉಳಿದ ಗಿರಾಕಿಗಳು ಸರಿದು ನಿಲ್ಲುತ್ತಿದ್ದರು. ನಾನು ಅವಳನ್ನು ಎಲ್ಲರಿಗಿಂತ ಕೊನೆಗೆ ವಿಚಾರಿಸುತ್ತಿದ್ದೆ. ಎಷ್ಟೋ ವರ್ಷ ಬಂದಳು, ಹೆಸರು ಕೇಳಲಿಲ್ಲ. ಇವತ್ತು ಅದೇ ಉಡುಪನ್ನು ಬಾಡಿಗೆಗೆ ತಂದು ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ ಅವಳ ಮುಖ ನೆನಪಾಗುತ್ತದೆ. ತೊಟ್ಟುಕೊಂಡವಳಿಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ, ಅದನ್ನೇ ಡಬ್ಬಿಗೆ ಅಚ್ಚು ಹಾಕಿದವರಿಗೆ ಹೊಗಳಿಕೆ ಸಿಗುತ್ತದೆ. ಈ ಅಂತರ ಇರುವವರೆಗೆ 'ಚಂದ ಕಾಣುತ್ತದೆ' ಎನ್ನುವುದು ಸಾಲದು.

ನಿಮಗೆ ಬೇಡ ಎನ್ನುತ್ತಿಲ್ಲ, ದಾರಿ ಬದಲಿಸಿ ಎನ್ನುತ್ತಿದ್ದೇನೆ. ವಿಜಯಪುರ ಜಿಲ್ಲೆಯಲ್ಲಿ ತಾಂಡಾಗಳು ಬೇಕಾದಷ್ಟಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಇದೆ, ಅಲ್ಲಿ ಕಸೂತಿಯಿಂದಲೇ ಬದುಕುವ ಹೆಣ್ಣುಮಕ್ಕಳಿದ್ದಾರೆ. ಹೋಗಿ ಕೂತು ಮಾತಾಡಿ. ಬಾಕ್ಸಿನ ಮೇಲೆ ಚಿತ್ರ ಹಾಕುವ ಬದಲು, ಕಿಟ್ ಇಡಲು ಇನ್ನೂರು ಸಣ್ಣ ಚೀಲಗಳನ್ನು ಅವರ ಕೈಯಿಂದಲೇ ಹೊಲಿಸಿ. ಕೂಲಿಯನ್ನು ಅವರು ಹೇಳಲಿ, ನೀವು ಚೌಕಾಶಿ ಮಾಡಬೇಡಿ. ಯಾವ ಹೊಲಿಗೆಗೆ ಏನೆನ್ನುತ್ತಾರೆ, ಯಾವುದನ್ನು ಮಾರಬಾರದು ಎನ್ನುತ್ತಾರೆ ಎಂದು ಕೇಳಿ. ಬೇಡ ಎಂದದ್ದನ್ನು ಬಿಡಿ. ಚೀಲದ ಒಳಗೆ ಚೀಟಿ ಇಟ್ಟು, ಅವರು ಒಪ್ಪಿದರೆ, ಹೊಲಿದವರ ಹೆಸರು ಬರೆಯಿರಿ. ಕಿಟ್ಟಿನ ಬೆಲೆ ಏರುತ್ತದೆ. ಮದುಮಗಳಿಗೆ ಅದು ಯಾಕೆಂದು ಹೇಳಿದರೆ ಅವಳು ಕೊಡುತ್ತಾಳೆ. ಲಿಪ್‌ಸ್ಟಿಕ್ ತೀರಿದ ಮೇಲೂ ಚೀಲ ಅವಳ ಬಳಿ ಉಳಿಯುತ್ತದೆ.

ಪ್ರಶ್ನೆ: ನಾವು ಇಳಕಲ್ಲ ಸೀರಿ ನೇಕಾರರು. ನಮ್ಮ ಸೀರಿಗೆ ಜಿಐ ಅದ. ಆದರೂ ಟೋಪ್ ತೆನಿ ಸೆರಗಿನ ಚಿತ್ರ ಪೌಡರ್ ಡಬ್ಬಿ, ಬ್ಯಾಗು, ಮೊಬೈಲ್ ಕವರಿನ ಮ್ಯಾಲೆಲ್ಲಾ ಬರಾಕತ್ತದ. ಕೇಸು ಹಾಕಾಕ ಬರಂಗಿಲ್ಲೇನ್ರಿ?
(ನೇಕಾರ, ಇಳಕಲ್ಲ)

ಉತ್ತರ: ಅಣ್ಣಾರ, ನಾನು ವಕೀಲಳಲ್ಲ. ಆದರೆ ಕಾನೂನಿನ ಬುಡ ಇಷ್ಟು. ಜಿಐ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರಲ್ಲಿ. ಅದು ಕಾಯುವುದು ಸರಕನ್ನು ಮತ್ತು ಆ ಸರಕಿನ ಹೆಸರನ್ನು. ಬೇರೆಲ್ಲೋ ನೇಯ್ದ ಸೀರೆಯನ್ನು ಇಳಕಲ್ಲ ಸೀರೆ ಎಂದು ಯಾರಾದರೂ ಮಾರಿದರೆ ನೀವು ಹಿಡಿಯಬಹುದು. ಸೆರಗಿನ ಚಿತ್ರವನ್ನು ಪೌಡರ್ ಡಬ್ಬಿಯ ಮೇಲೆ ಅಚ್ಚು ಹಾಕಿ, ಇಳಕಲ್ಲ ಎಂಬ ಹೆಸರೇ ಎತ್ತದಿದ್ದರೆ ಈ ಕಾಯ್ದೆಯಲ್ಲಿ ಹಿಡಿತ ಸಿಗುವುದು ಕಷ್ಟ. ಇಲ್ಲೇ ಅನ್ಯಾಯ ಇರುವುದು. ಹೆಸರು ಹೇಳಿದರೆ ಸಿಕ್ಕಿಬೀಳಬಹುದು, ಹೆಸರು ನುಂಗಿದರೆ ಪಾರಾಗಬಹುದು. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ 2012ರಲ್ಲಿ ಅರ್ಬನ್ ಔಟ್‌ಫಿಟರ್ಸ್ ಎಂಬ ಬಟ್ಟೆ ಕಂಪನಿಯ ಮೇಲೆ ದಾವೆ ಹೂಡಿದಾಗಲೂ ಕೈಗೆ ಸಿಕ್ಕ ಎಳೆ 'ನವಾಹೋ' ಎಂಬ ಹೆಸರಿನದ್ದೇ. 2016ರಲ್ಲಿ ರಾಜಿಯಾಯಿತು.

ನೀವು ಮಾಡಬಹುದಾದ್ದು ಎರಡು ಮಾತು. ಜಿಐ ಇದ್ದರೆ ಸಾಲದು, ನೇಕಾರರು ಒಬ್ಬೊಬ್ಬರಾಗಿ ಅಧಿಕೃತ ಬಳಕೆದಾರರು ಎಂದು ನೋಂದಾಯಿಸಿಕೊಳ್ಳಬೇಕು. ನಿಮ್ಮ ಹೆಸರು ಅಲ್ಲಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಜಿಲ್ಲಾ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು, ಇಳಕಲ್ಲ ಎಂಬ ಹೆಸರು ಹಾಕಿ ಮಾರುವ ಯಾವ ಡಬ್ಬಿ, ಬ್ಯಾಗು ಕಂಡರೂ ಬಿಲ್ ಸಮೇತ ಒಂದು ತೆಗೆದಿಡಿ, ಸಹಕಾರ ಸಂಘದವರಿಗೆ ತೋರಿಸಿ. ಮಾತು ಒಬ್ಬರದಾಗದೆ ಸಂಘದ್ದಾಗಲಿ.

ನಿಮ್ಮಿಂದ ನನಗೂ ಒಂದು ಸಹಾಯ ಬೇಕು. ಸೀರೆಯ ಮೈಯ ಹಾಸಿನ (ಉದ್ದದ ನೂಲಿನ) ಜೊತೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ, ಸೆರಗಿನಲ್ಲಿ ಹಣಿಗೆ, ಕೋಟಿ ಕಮ್ಮಲಿ, ರಂಪ, ದಡಿಯಲ್ಲಿ ಗೋಮಿ, ಪರಾಸಪೇಟ: ಇವು ನನಗೆ ಗೊತ್ತಿರುವ ಹೆಸರುಗಳು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಇರಬೇಕು. ಯಾವ ನಮೂನೆಗೆ ಏನೆನ್ನುತ್ತಾರೆ, ಅದರ ತಲೆ ಯಾವ ಕಡೆ ಎಂದು ಚಿತ್ರ ಬಿಡಿಸಿ, ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಗುಳೇದಗುಡ್ಡದವರೂ ಕಳಿಸಿ. ಬಂದಷ್ಟನ್ನು ಇದೇ ಪುಟದಲ್ಲಿ ಊರಿನ ಹೆಸರಿನ ಸಮೇತ ಅಚ್ಚು ಹಾಕಿಸುತ್ತೇನೆ.