ಮೆಟಾಲಿಕಾ ಸಾಕ್ಷ್ಯಚಿತ್ರ ನೋಡಿ ಹಳೆಯ ಅಭಿಮಾನಿಗಳಿಗೂ ಬೇಸರ ಆಗಿತ್ತಾ?

ಆಗಿತ್ತು. ತುಂಬಾನೇ ಆಗಿತ್ತು.

‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರ ನೋಡಿದ ಮೇಲೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಮೇಲಿದ್ದ ಗೌರವವೇ ಹೋಯ್ತು, ಹಳಬರಿಗೂ ಹೀಗೇ ಅನಿಸಿತ್ತಾ ಅಂತ ಕೇಳಿದ್ದೀರಿ. ನಾನು ಅದನ್ನು ಮೊದಲು ನೋಡಿದ್ದು 2005ರಲ್ಲಿ. ಅಣ್ಣ ಎಲ್ಲಿಂದಲೋ ಡಿವಿಡಿ ತಂದಿದ್ದ. ಅವನು ಕಾಲೇಜಿನ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಬ್ಯಾಂಡಿನ ನಾಲ್ಕೂ ಜನ ಮಲ್ಲೇಶ್ವರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಸೇರಿದ್ದರು. ನಾನು ಬಾಗಿಲ ಹತ್ತಿರ ಕುಳಿತಿದ್ದೆ. ಚಿತ್ರ ಮುಗಿದಾಗ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಎದ್ದು, "ಇದನ್ನ ಯಾಕಾದ್ರೂ ತೋರಿಸಿದ್ರೋ" ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು.

ಆ ಸಿಟ್ಟು ಬರೀ ಚಿತ್ರದ ಮೇಲೆ ಬಂದಿದ್ದಲ್ಲ. ಚಿತ್ರ ತೆರೆಗೆ ಬಂದಿದ್ದು 2004ರಲ್ಲಿ. ಅದರಲ್ಲಿ ಅವರು ತಯಾರು ಮಾಡುತ್ತಿರುವ ‘ಸೇಂಟ್ ಆಂಗರ್’ ಆಲ್ಬಮ್ 2003ರ ಜೂನ್‌ನಲ್ಲೇ ಬಂದಿತ್ತು. ಮಾರಾಟ ಚೆನ್ನಾಗೇ ಆಯಿತು, ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ನಮ್ಮಂಥವರಿಗೆ ಮೊದಲ ಹಾಡಿಗೇ ಕಿವಿಗೆ ಕಿರಿಕಿರಿಯಾಯಿತು. ಸ್ನೇರ್ ಡ್ರಮ್ಮಿನ ಕೆಳಗಡೆ ಚರ್ಮಕ್ಕೆ ತಾಗಿದ ಹಾಗೆ ಸಣ್ಣ ತಂತಿಗಳು ಇರುತ್ತವೆ. ಹೊಡೆದಾಗ ಕೇಳುವ ಆ ‘ಛಟ್’ ಅನ್ನುವ ಸದ್ದು ಬರುವುದು ಅದರಿಂದ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಆ ತಂತಿ ಸಡಿಲ ಬಿಟ್ಟೇ ಬಾರಿಸಿದ್ದಾನೆ. ಖಾಲಿ ತಗಡಿನ ಡಬ್ಬ ಬಡಿದ ಹಾಗೆ ಟಣ್ ಟಣ್ ಅನ್ನುತ್ತದೆ, ಅದೂ 75 ನಿಮಿಷ. ಮೇಲೆ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ನ ಒಂದೇ ಒಂದು ಗಿಟಾರ್ ಸೋಲೋ ಕೂಡ ಇಲ್ಲ. ಅಣ್ಣ ಆ ಸಿ.ಡಿ.ಯನ್ನು ಎರಡನೇ ಸಲ ಹಾಕಲೇ ಇಲ್ಲ.

ಹಾಗಾಗಿ ಚಿತ್ರ ನೋಡಲು ಕೂತಾಗಲೇ ಎಲ್ಲರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇತ್ತು: ಇದು ಹೀಗೆ ಯಾಕಾಯ್ತು? ಉತ್ತರ ಚಿತ್ರದಲ್ಲೇ ಇದೆ. ಅದೇ ನಮಗೆ ಬೇಡವಾಗಿತ್ತು. ಹದಿನಾಲ್ಕು ವರ್ಷ ಬಾಸ್ ಗಿಟಾರ್ ನುಡಿಸಿದ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋಗುತ್ತಾನೆ. ಉಳಿದ ಮೂವರು ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ ಹಳೆಯ ಮಿಲಿಟರಿ ಕಟ್ಟಡವೊಂದರಲ್ಲಿ ಸೇರುತ್ತಾರೆ. ಕೈಯಲ್ಲಿ ಒಂದೂ ಹಾಡಿಲ್ಲ. ಆಲ್ಬಮ್‌ನ ನಿರ್ಮಾಪಕ ಬಾಬ್ ರಾಕ್ ತಾನೇ ಬಾಸ್ ಹಿಡಿಯುತ್ತಾನೆ. ಜಗಳ ಬಿಡಿಸಲು ಫಿಲ್ ಟೌಲ್ ಎಂಬ ಥೆರಪಿಸ್ಟ್ ಬರುತ್ತಾರೆ, ತಿಂಗಳಿಗೆ 40 ಸಾವಿರ ಡಾಲರ್ ಸಂಬಳ. ನಮ್ಮ ರೂಮಿನಲ್ಲಿ ಆ ಅಂಕಿ ಕೇಳಿದ್ದೇ ಒಬ್ಬ ಟಿ.ವಿ.ಗೆ ದಿಂಬು ಎಸೆದ. ನ್ಯೂಸ್ಟೆಡ್ ಕ್ಯಾಮೆರಾ ಮುಂದೆ ಕೂತು, ಇದೆಲ್ಲ ದುರ್ಬಲರ ಕೆಲಸ ಅನ್ನುವ ಹಾಗೆ ಮಾತಾಡುತ್ತಾನೆ. ಆಗ ಎಲ್ಲರೂ ಅವನ ಕಡೆಗೇ ವಾಲಿದರು.

ಲಾರ್ಸ್ ಕಂಡರೆ ಬೇರೆಯದೇ ಕೋಪ. 2000ದಲ್ಲಿ, ಇಂಟರ್ನೆಟ್‌ನಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳಲು ಬಿಡುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ಬ್ಯಾಂಡ್ ಕೇಸು ಹಾಕಿದಾಗ ಮುಂದೆ ನಿಂತು ಮಾತಾಡಿದ್ದು ಅವನೇ. ಅದೇ ಮನುಷ್ಯ ಇಲ್ಲಿ ತನ್ನ ಪೇಂಟಿಂಗ್‌ಗಳನ್ನು ಹರಾಜಿಗಿಟ್ಟು, ಬೆಲೆ ಏರುತ್ತಿದ್ದ ಹಾಗೆ ಗ್ಲಾಸ್ ಹಿಡಿದು ನೋಡುತ್ತಾ ಕೂತಿರುತ್ತಾನೆ. ಟೇಪ್‌ನಿಂದ ಟೇಪ್‌ಗೆ ಕಾಪಿ ಮಾಡಿ ಕೇಳಿ ಬೆಳೆದ ಹುಡುಗರಿಗೆ ಅದು ಹೇಗೆ ಕಂಡಿರಬಹುದು ಹೇಳಿ.

ಕೂಡು ಕುಟುಂಬ ಪಾಲಾಗುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು. ಅವರು ಒಂದು ತಾಮ್ರದ ಹಂಡೆಗೆ ಜಗಳ ಆಡಿದ್ದನ್ನು ಕಂಡಾಗ ನನಗೆ ಆದದ್ದು ಇದೇ ನೋವು. ಚಿತ್ರದಲ್ಲೂ ಅಷ್ಟೇ, ಇಪ್ಪತ್ತು ವರ್ಷ ಒಟ್ಟಿಗೆ ಇದ್ದವರು ಒಂದು ಸಣ್ಣ ಗಿಟಾರ್ ತುಣುಕಿಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಜಗಳ ಗಿಟಾರಿನದ್ದಲ್ಲ, ಹಂಡೆಯದ್ದೂ ಅಲ್ಲ. ಆದರೆ ಹೊರಗೆ ಬರುವುದು ಅದೇ.

ಬ್ಯಾಂಡಿನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ವಿಷಯಕ್ಕೆ ಬರುತ್ತೇನೆ, ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ. 2001ರಲ್ಲಿ, ರೆಕಾರ್ಡಿಂಗ್ ನಡುವೆಯೇ, ಅವನು ಕುಡಿತ ಬಿಡಿಸುವ ಚಿಕಿತ್ಸೆಗೆ ಹೋಗಿಬಿಡುತ್ತಾನೆ. ಎಷ್ಟೋ ತಿಂಗಳು ಸ್ಟುಡಿಯೋ ಕಡೆ ಸುಳಿಯುವುದಿಲ್ಲ. ಆ ನಡುವೆ ಲಾರ್ಸ್ ಹಳೆಯ ಗಿಟಾರ್ ವಾದಕ ಡೇವ್ ಮಸ್ಟೇನ್ ಜೊತೆ ಕೂತು ಮಾತಾಡುತ್ತಾನೆ. ಮಸ್ಟೇನ್‌ನನ್ನು ಇವರು ಹೊರಗೆ ಹಾಕಿದ್ದು 1983ರಲ್ಲಿ, ಮೊದಲ ಆಲ್ಬಮ್‌ಗೂ ಮುಂಚೆ. ಆಮೇಲೆ ಅವನು ಮೆಗಾಡೆತ್ ಅನ್ನುವ ಬ್ಯಾಂಡ್ ಕಟ್ಟಿ ಲಕ್ಷಗಟ್ಟಲೆ ಜನರನ್ನು ಗೆದ್ದ. ಆದರೂ ಆ ಗಾಯ ಹಾಗೇ ಇದೆ, ಅವನ ಕಣ್ಣಲ್ಲಿ ಕಾಣುತ್ತದೆ. ಇಡೀ ಚಿತ್ರದಲ್ಲಿ ನನ್ನ ಅಣ್ಣ ಅವತ್ತು ಮೆಚ್ಚಿದ್ದು ಅದೊಂದನ್ನೇ.

ಹೆಟ್‌ಫೀಲ್ಡ್ ವಾಪಸ್ ಬಂದಾಗ ಒಂದು ನಿಯಮ ತರುತ್ತಾನೆ. ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ. ನಾಲ್ಕಕ್ಕೆ ಎದ್ದು ಮನೆಗೆ. ಅವನು ಹೋದ ಮೇಲೆ ಉಳಿದವರು ರೆಕಾರ್ಡಿಂಗ್ ಕೇಳುತ್ತಾ ಕೂತರೂ ಅವನಿಗೆ ಕಸಿವಿಸಿ. ಲಾರ್ಸ್‌ಗೆ ತಡೆಯಲಾಗುವುದಿಲ್ಲ. ರೂಮಿನಲ್ಲಿ ಅತ್ತಿಂದಿತ್ತ ಓಡಾಡಿ, ಕೊನೆಗೆ ಹೆಟ್‌ಫೀಲ್ಡ್ ಮುಖದ ಹತ್ತಿರವೇ ಬಂದು ಬೈಗುಳ ಕಿರುಚುತ್ತಾನೆ. 2005ರಲ್ಲಿ ನಾವೆಲ್ಲ ಲಾರ್ಸ್ ಪರವಾಗಿದ್ದೆವು. ‘ನಾಲ್ಕು ಗಂಟೆಗೆ ಎದ್ದು ಹೋಗೋಕೆ ಇದೇನು ಸರ್ಕಾರಿ ಆಫೀಸಾ?’ ಅಂತ ಅಣ್ಣನೇ ಕೂಗಿದ್ದ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿಗೆ ಬಂತು. ಎರಡು ದಿನ ಮುಂಚೆ ಗುಡಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಗಿತ್ತು. ಇಲ್ಲಿಯೂ ನಿಂತರೆ ಅನ್ನುವ ಭಯ ಅರಮನೆ ಮೈದಾನದ ಗೇಟಿನವರೆಗೂ ಇತ್ತು. ನಾನು, ಅಣ್ಣ ಇಬ್ಬರೂ ಹೋಗಿದ್ದೆವು. ಆ ರಾತ್ರಿಯ ಅರ್ಧಕ್ಕರ್ಧ ಹಾಡು ಅಣ್ಣನಿಗೆ ನೆನಪಿಲ್ಲ. ಮಧ್ಯಾಹ್ನದಿಂದಲೇ ಕುಡಿದಿದ್ದ. ಹದಿನೈದು ವರ್ಷ ಕಾದ ಕಾರ್ಯಕ್ರಮ ಅದು. ವಾಪಸ್ ಬರುವಾಗ ಅವನನ್ನು ಆಟೋಗೆ ಹತ್ತಿಸಿದ್ದು ನಾನು.

ಎರಡು ವರ್ಷ ಆದ ಮೇಲೆ ಅವನೂ ಒಂದು ಕೇಂದ್ರಕ್ಕೆ ಸೇರಿ, ಕುಡಿತ ಬಿಟ್ಟು ಬಂದ. ಬಂದವನು ಸಂಜೆ ಏಳಾದರೆ ಫೋನ್ ಆಫ್ ಮಾಡುತ್ತಿದ್ದ. ರಾತ್ರಿ ಪ್ರಾಕ್ಟೀಸ್‌ಗೆ ಕರೆದರೆ ಹೋಗುತ್ತಿರಲಿಲ್ಲ. ಸ್ನೇಹಿತರು ಮೊದಲು ನಕ್ಕರು, ಆಮೇಲೆ ಕೋಪ ಮಾಡಿಕೊಂಡರು. ನಾನೂ ಒಂದು ದಿನ, "ಇಷ್ಟೊಂದು ಕಟ್ಟುನಿಟ್ಟು ಬೇಕಾ?" ಅಂತ ರೇಗಿದೆ. ಆ ರಾತ್ರಿ ಅವನೇ ಹಳೆಯ ಡಿವಿಡಿ ಹುಡುಕಿ ಹಾಕಿದ. ನಾಲ್ಕು ಗಂಟೆಯ ಜಗಳ ಬಂದಾಗ ನಿಲ್ಲಿಸಿ, "ಈಗ ಅವನ ಮುಖ ನೋಡು" ಅಂದ. ನೋಡಿದೆ. ಹೆಟ್‌ಫೀಲ್ಡ್ ತಿರುಗಿ ಕಿರುಚುವುದಿಲ್ಲ. ಎದ್ದು ಹೋಗುವುದೂ ಇಲ್ಲ. ಸುಮ್ನೆ ಕೂತಿರುತ್ತಾನೆ. ಹಳೆಯ ಹೆಟ್‌ಫೀಲ್ಡ್ ಆಗಿದ್ದರೆ ಬಾಗಿಲು ಬಡಿದುಕೊಂಡು ಹೋಗುತ್ತಿದ್ದ, ಅದಕ್ಕೂ ಮುಂಚಿನ ದೃಶ್ಯದಲ್ಲಿ ಹೋಗಿಯೂ ಇದ್ದಾನೆ. ಇಷ್ಟು ವರ್ಷ ನನ್ನ ಕಣ್ಣಿಗೆ ಬರೀ ಲಾರ್ಸ್ ಕಂಡಿದ್ದ.

ಇನ್ನೊಂದು ಮಾತು. ಇದನ್ನು ತೆಗೆದವರು ಜೋ ಬರ್ಲಿಂಗರ್ ಮತ್ತು ಬ್ರೂಸ್ ಸಿನೊಫ್ಸ್ಕಿ. ಅವರ ಕೈಯಲ್ಲಿ ಸಾವಿರ ಗಂಟೆಗೂ ಜಾಸ್ತಿ ಚಿತ್ರೀಕರಣ ಇತ್ತು. ರೆಕಾರ್ಡ್ ಕಂಪನಿಯಿಂದ ಚಿತ್ರವನ್ನು ಬಿಡಿಸಿಕೊಂಡು ಖರ್ಚು ವಹಿಸಿಕೊಂಡಿದ್ದು ಬ್ಯಾಂಡೇ. ಅಂದರೆ ಬೇಡದ್ದನ್ನು ಕಿತ್ತುಹಾಕಿ, ಚೆಂದದ ಪ್ರಚಾರದ ಚಿತ್ರ ಮಾಡಿಸಿಕೊಳ್ಳಬಹುದಿತ್ತು. ಲಾರ್ಸ್‌ನ ಅಪ್ಪ ಟಾರ್ಬೆನ್ ಉಲ್ರಿಕ್ ಒಂದು ರೆಕಾರ್ಡಿಂಗ್ ಕೇಳಿ, ನನ್ನನ್ನು ಕೇಳಿದರೆ ಇದನ್ನು ಅಳಿಸಿಬಿಡಿ ಅನ್ನುವ ದೃಶ್ಯವಿದೆ. ಮಗನ ಮುಖ ಸಣ್ಣದಾಗುತ್ತದೆ. ಅದನ್ನೂ ಉಳಿಸಿಕೊಂಡಿದ್ದಾರೆ. ನಿಮಗೆ ಹೋಯ್ತು ಅನಿಸಿದ ಗೌರವ ನನಗೆ ಬಂದಿದ್ದು ಇಲ್ಲೇ.

ಆಲ್ಬಮ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಕೇಳಲು ಕಷ್ಟವೇ. ಆದರೆ ಎಷ್ಟೋ ದಿನ ಹಾಡೇ ಹುಟ್ಟದೆ ಮೂರು ಜನ ಸುಮ್ನೆ ಕೂತಿರುವುದನ್ನು ಬೇರೆ ಯಾವ ಚಿತ್ರದಲ್ಲೂ ಹೀಗೆ ನೋಡಿಲ್ಲ. ನೀವು ಇನ್ನೊಮ್ಮೆ ಪೂರ್ತಿ ನೋಡಬೇಕಾಗಿಲ್ಲ. ಹೆಟ್‌ಫೀಲ್ಡ್ ವಾಪಸ್ ಬರುವಲ್ಲಿಂದ ಶುರು ಮಾಡಿ. ಹೊಸ ಬಾಸ್ ವಾದಕನಿಗೆ ಹುಡುಕಾಟ ನಡೆಯುವ ಭಾಗ ತಪ್ಪಿಸಬೇಡಿ. ರಾಬರ್ಟ್ ಟ್ರುಹಿಯೋ ಕಪ್ಪೆಯ ಹಾಗೆ ಬಗ್ಗಿ, ಬೆರಳಲ್ಲೇ ನುಡಿಸಲು ಶುರು ಮಾಡಿದಾಗ ಉಳಿದವರ ಮುಖ ನೋಡಿ. ಎರಡು ವರ್ಷದಲ್ಲಿ ಮೊದಲ ಸಲ ಅವರು ಹುಡುಗರ ಹಾಗೆ ನಗುತ್ತಾರೆ.

2019ರಲ್ಲಿ ಹೆಟ್‌ಫೀಲ್ಡ್ ಮತ್ತೆ ಚಿಕಿತ್ಸೆಗೆ ಹೋದ. ಆಸ್ಟ್ರೇಲಿಯಾ ಪ್ರವಾಸ ಮುಂದಕ್ಕೆ ಹೋಯಿತು. ಆ ಸುದ್ದಿ ನನಗೆ ಮೊದಲು ಕಳಿಸಿದ್ದು ಅವತ್ತು ಟಿ.ವಿ.ಗೆ ದಿಂಬು ಎಸೆದವನು. ‘ಬೇಗ ಹುಷಾರಾಗಿ ಬರಲಿ’ ಅಂತ ಬರೆದಿದ್ದ.

ಅಣ್ಣ ಈಗ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಡ್ರಮ್ಸ್ ಬಾರಿಸುತ್ತಾನೆ. ಸ್ನೇರಿನ ತಂತಿ ಮಾತ್ರ ಬಿಗಿಯಾಗೇ ಇರುತ್ತದೆ. ಆ ಒಂದು ವಿಷಯಕ್ಕೆ ಲಾರ್ಸ್ ಮೇಲೆ ಅವನಿಗೆ ಇನ್ನೂ ಸಿಟ್ಟಿದೆ.