ವೆಬ್‌ಸೈಟ್ ಮೊಂಡು ಹಿಡಿದರೆ

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದು ಜೆರಾಕ್ಸ್ ಅಂಗಡಿ. ರೈತರಿಗೆ ಪಹಣಿ ತೆಗೆದುಕೊಡುವಾಗ ವಿವರವೆಲ್ಲ ತುಂಬಿ ‘ವ್ಯೂ’ ಒತ್ತಿದರೆ ಏನೂ ಆಗುವುದಿಲ್ಲ. ಮೊಬೈಲಿನಲ್ಲಿ ಸರಿಯಾಗಿ ಬರುತ್ತದೆ. ಕ್ರೋಮ್ ಅಳಿಸಿ ಮತ್ತೆ ಹಾಕಬೇಕೇ?

ಉತ್ತರ: ಬೇಡ. ಮತ್ತೆ ಅದೇ ಗೂಗಲ್ ಖಾತೆಗೆ ಲಾಗಿನ್ ಆದರೆ ಹಳೆಯ ಎಕ್ಸ್‌ಟೆನ್ಶನ್‌ಗಳೆಲ್ಲ (ಕ್ರೋಮ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು) ವಾಪಸು ಬರುತ್ತವೆ. ಇಂಥ ಪುಟ ಹೊಸ ಕಿಟಕಿಯಲ್ಲಿ ತೆರೆಯುವುದುಂಟು. ಕ್ರೋಮ್ ಅದನ್ನು ಪಾಪ್-ಅಪ್ ಎಂದು ತಡೆದುಬಿಡುತ್ತದೆ. ‘ವ್ಯೂ’ ಒತ್ತಿದ ಕೂಡಲೇ ವಿಳಾಸಪಟ್ಟಿಯ ಬಲತುದಿ ನೋಡಿ. ಪುಟ್ಟ ಕಿಟಕಿಯ ಗುರುತು ಮೂಡಿದ್ದರೆ ಅದನ್ನೊತ್ತಿ ಆ ಸೈಟಿಗೆ ಮಾತ್ರ ಅನುಮತಿ ಕೊಡಿ. ಎಲ್ಲ ಸೈಟಿಗೂ ಕೊಟ್ಟೀರಿ, ಜೋಕೆ!

ಗುರುತು ಮೂಡದಿದ್ದರೆ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಸೈಟುಗಳು ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಪುಟ್ಟ ಟಿಪ್ಪಣಿಗಳಾದ ಕುಕಿಗಳು ಹಳೆಯವು ಅಲ್ಲಿರುವುದಿಲ್ಲ. ನೀವಾಗಿ ಬಿಡದ ಹೊರತು ಎಕ್ಸ್‌ಟೆನ್ಶನ್‌ಗಳೂ ಓಡುವುದಿಲ್ಲ. ಅಲ್ಲಿ ಪಹಣಿ ಬಂದರೆ ತಂಟೆ ಇವೆರಡರಲ್ಲೊಂದರದು. ಮೊದಲು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್, ಅಂದರೆ ಆ್ಯಡ್ ಬ್ಲಾಕರ್ ಆಫ್ ಮಾಡಿ. ನಮ್ಮ ಅನುಮಾನ ಅದರ ಮೇಲೆಯೇ. ಆಮೇಲೆ ವಿಳಾಸದ ಎಡಬದಿಯ ಗುರುತೊತ್ತಿ, ಆ ಸೈಟಿನ ಕುಕಿಗಳನ್ನಷ್ಟೇ ಅಳಿಸಿ. ಹಿಸ್ಟರಿಯಲ್ಲಿ ಎಲ್ಲವನ್ನೂ ಗುಡಿಸಿಹಾಕಿದರೆ ಅಷ್ಟೂ ಲಾಗಿನ್ ಹೋಗಿ, ಗಿರಾಕಿಗಳೆದುರು ಒಟಿಪಿ ಕಾಯುತ್ತ ಕೂರಬೇಕಾದೀತು. ಇನ್‌ಕಾಗ್ನಿಟೊದಲ್ಲೂ ಬಾರದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಆಗ ಬಂದರೆ ತೊಂದರೆ ಬ್ರಾಡ್‌ಬ್ಯಾಂಡ್ ಕಡೆಯದು.

ಪ್ರಶ್ನೆ: ದಿನಾ ಬೆಳಿಗ್ಗೆ ಯಾವ ಸೈಟು ತೆರೆದರೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎನ್ನುತ್ತದೆ. ವೈರಸ್ಸೇ? (ಗಂಗಾವತಿ)

ಉತ್ತರ: ಪರದೆಯ ಬಲಮೂಲೆಯ ತಾರೀಕು ನೋಡಿದಿರಾ? ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಅಂಗಡಿಗಳ ಹಳೆಯ ಕಂಪ್ಯೂಟರುಗಳಲ್ಲಿ ಇದು ಮಾಮೂಲು. ಕರೆಂಟಿಲ್ಲದಾಗ ಗಡಿಯಾರ ನಡೆಸುವ ಸೆಲ್ ಸತ್ತರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅದಿನ್ನೂ ಶುರುವಾಗಿಲ್ಲ. ಎಚ್ಚರಿಕೆಯಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ಮೊದಲು ಸೆಲ್ಲನ್ನೇ ನೋಡಿ.

ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032: 3 ವೋಲ್ಟ್, 20 ಮಿಮೀ ಅಗಲ. ಪವರ್ ವೈರ್ ಕಿತ್ತು, ಮದರ್‌ಬೋರ್ಡಿನ ಮೇಲೆ ಸೆಲ್ ಹಿಡಿದಿರುವ ಲೋಹದ ಕೊಂಡಿಯನ್ನು ಹೊರಕ್ಕೆ ತಳ್ಳಿ. ಸೆಲ್ ತಾನೇ ಮೇಲೇಳುತ್ತದೆ. ಹೊಸದರ ಪ್ಲಸ್ ಬದಿ ಮೇಲಿರಲಿ. ತಾರೀಕಿನ ಜೊತೆ ವರ್ಷವನ್ನೂ ಸರಿಪಡಿಸಿ, ಟೈಮ್ ಜೋನ್ +5:30 ಇರಲಿ. ತಾರೀಕು ಸರಿಯಿದ್ದೂ ಎಚ್ಚರಿಕೆ ಬಂದರೆ ಬಲವಂತವಾಗಿ ಮುಂದೆ ಹೋಗಿ ಆಧಾರ್ ಸಂಖ್ಯೆ, ಪಾಸ್‌ವರ್ಡ್ ತುಂಬಬೇಡಿ.

ಪ್ರಶ್ನೆ: ವಿಂಡೋಸ್ 7ರಲ್ಲಿ ಕ್ರೋಮ್ ಅಪ್‌ಡೇಟ್ ಆಗುತ್ತಿಲ್ಲ, ಕೆಲವು ಸೈಟುಗಳು ಬರೀ ಬಿಳಿ ಪುಟ. (ಕೊಪ್ಪಳ)

ಉತ್ತರ: ಇನ್ನು ಆಗುವುದೂ ಇಲ್ಲ. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 2023ರ ಜನವರಿಯ 109. ಹೊಸ ಸೈಟುಗಳ ಕೋಡ್ ಅದಕ್ಕೆ ಅರ್ಥವಾಗದಿದ್ದಾಗ ಪುಟ ಖಾಲಿ ಬೀಳುತ್ತದೆ. ವಿಂಡೋಸ್ 7ರಲ್ಲೂ ಓಡುವ ಫೈರ್‌ಫಾಕ್ಸ್ 115 ಇಎಸ್‌ಆರ್ ಬ್ರೌಸರ್ ಹಾಕಿ ಸದ್ಯಕ್ಕೆ ಸುಧಾರಿಸಿಕೊಳ್ಳಿ. 4 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಲೇಸು. ಆದರೆ ನಿಮ್ಮ ಪ್ರಿಂಟರಿಗೂ ಬೆರಳ ಗುರುತು ಓದುವ ಯಂತ್ರಕ್ಕೂ ಅದರಲ್ಲಿ ಡ್ರೈವರ್ (ಯಂತ್ರ ನಡೆಸುವ ತಂತ್ರಾಂಶ) ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.