ಅಣಬೆಯ ಬೀಜಕಗಳನ್ನು ಪ್ರಾಣಿಗಳು ಹರಡುತ್ತವೆ ಎನ್ನಲು ಪುರಾವೆ ಏನು?

ಬೀಜಕಗಳು, ಅಂದರೆ ಅಣಬೆಯ ಬೀಜದಂಥ ಕಣಗಳು, ಗಾಳಿಗೆ ಹಾರಿಹೋಗುತ್ತವಲ್ಲ, ಪ್ರಾಣಿ ಯಾಕೆ ಬೇಕು, ಇದನ್ನು ಯಾರಾದರೂ ತೋರಿಸಿಕೊಟ್ಟಿದ್ದಾರಾ ಎಂದು ಕೇಳಿದ್ದೀರಿ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದೇ ವಿಷಯ ಓದಿ ಈಗ ಅದನ್ನೇ ಪಾಠ ಮಾಡುತ್ತೇನೆ, ಹಾಗಾಗಿ ಉತ್ತರ ತುಸು ಉದ್ದವಾದೀತು.

ಕೊಡೆ ಬಿಚ್ಚುವ ಅಣಬೆಗೆ ಗಾಳಿ ಸಾಕು. ನಮ್ಮ ಕರಾವಳಿಯ ಕಲ್ಲಣಬೆ ಕೂಡ ಎಳೆಯದಾಗಿದ್ದಾಗ ಮಣ್ಣಲ್ಲಿ ಹುದುಗಿದ್ದರೂ, ಬಲಿತ ಮೇಲೆ ಸಿಪ್ಪೆ ನಕ್ಷತ್ರದಂತೆ ಬಿರಿದು ಒಳಗಿನ ಪುಡಿಯನ್ನು ಹೊರಬಿಡುತ್ತದೆ. ಟ್ರಫಲ್ ಎಂಬ ಗಡ್ಡೆಯಂಥ ಅಣಬೆಗಳು ಹಾಗಲ್ಲ. ಅವು ಮಣ್ಣಿನಡಿಯೇ ಉಳಿಯುತ್ತವೆ. ಬಲಿತಾಗ ವಾಸನೆ ಬಿಡುತ್ತವೆ, ಅಷ್ಟೇ. ಮೂಸಿ, ಅಗೆದು, ತಿನ್ನುವವರು ಬರಬೇಕು. ಆಸ್ಟ್ರೇಲಿಯದಲ್ಲಿ ಈ ಕೆಲಸಕ್ಕೆ ಹೆಸರಾದವು ಪೊಟೊರೂ ಮತ್ತು ಬೆಟಾಂಗ್, ಕಾಂಗರೂವಿನ ಪುಟ್ಟ ನೆಂಟರು. ವೊಯ್ಲಿ ಎಂಬ ಬೆಟಾಂಗ್‌ನ ತೂಕ ಒಂದೂವರೆ ಕಿಲೋ ಆಸುಪಾಸು. ಒಂದೊಂದೂ ವರ್ಷಕ್ಕೆ ಸುಮಾರು 4.8 ಟನ್ ಮಣ್ಣು ಕೆದಕಿ ಹಾಕುತ್ತದೆಂಬ ಅಂದಾಜಿದೆ.

ಇನ್ನು ಪುರಾವೆ. ಹಿಕ್ಕೆಯಲ್ಲಿ ಬೀಜಕ ಸಿಕ್ಕರೆ ಪ್ರಾಣಿ ತಿಂದಿದೆ ಎಂದಷ್ಟೇ ಗೊತ್ತಾಗುತ್ತದೆ. ಹೊಟ್ಟೆ ದಾಟಿ ಬಂದದ್ದು ಬದುಕಿದೆಯೇ? ಎಷ್ಟು ದೂರ ಬಂತು? ಮರದ ಬೇರಿಗೆ ಹತ್ತಿಕೊಳ್ಳುತ್ತದೆಯೇ? ಕೊನೆಯದು ಮುಖ್ಯ, ಯಾಕೆಂದರೆ ಈ ಶಿಲೀಂಧ್ರಗಳಲ್ಲಿ ಬಹುಪಾಲು ನೀಲಗಿರಿಯಂಥ ಮರಗಳ ಬೇರಿನ ತುದಿಗೆ ಕವಚದಂತೆ ಹೊದ್ದುಕೊಂಡು ನೀರು, ರಂಜಕ ಒದಗಿಸಿ ಬದಲಿಗೆ ಸಕ್ಕರೆ ಪಡೆಯುತ್ತವೆ. ಉದ್ದಮೂತಿಯ ಪೊಟೊರೂ ಹಿಕ್ಕೆಯಲ್ಲಿದ್ದ ಬೀಜಕಗಳನ್ನು ಎರಡು ಜಾತಿಯ ನೀಲಗಿರಿ ಸಸಿಗಳಿಗೆ ಕೊಟ್ಟು, ಬೇರಿನಲ್ಲಿ ಈ ನಂಟು ಬೆಳೆದದ್ದನ್ನು 1992ರಲ್ಲೇ ಪ್ರಕಟಿಸಿದ್ದಾರೆ.

ದೂರದ ಲೆಕ್ಕ 2020ರಲ್ಲಿ ಬಂತು, ಅದೂ ಕಾಂಗರೂವಿನ ಇನ್ನೊಂದು ನೆಂಟ ಸ್ವಾಂಪ್ ವಾಲಬಿ ಮೇಲೆ. ಸಾಕಿದ ವಾಲಬಿಗಳಿಗೆ ಟ್ರಫಲ್ ತಿನ್ನಿಸಿ ಹಿಕ್ಕೆಯಲ್ಲಿ ಬೀಜಕ ಎಷ್ಟು ಹೊತ್ತು ಬರುತ್ತದೆಂದು ನೋಡಿದರು. ಮೂರು ದಿನದ ಹತ್ತಿರದವರೆಗೂ ಬಂತು. ಕಾಡಿನ ವಾಲಬಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಪಡೆದ ಓಡಾಟದ ಲೆಕ್ಕವನ್ನು ಇದಕ್ಕೆ ಜೋಡಿಸಿದರೆ, ನೂರಾರು ಮೀಟರ್, ಅಪರೂಪಕ್ಕೆ ಒಂದು ಕಿಲೋಮೀಟರಿಗೂ ಮೀರಿ ಬೀಜಕ ಸಾಗಬಲ್ಲದು ಎಂದು ತೋರಿತು. ನನಗೆ ಇಡೀ ವಿಷಯದಲ್ಲಿ ಹಿಡಿಸಿದ್ದೇ ಇದು. ಹೊರಗಿನಿಂದ ತಂದುಬಿಟ್ಟ ನರಿಗಳ ಹಾವಳಿಯಿಂದ ಬೆಟಾಂಗ್‌ಗಳು ಎಷ್ಟೋ ಕಾಡುಗಳಿಂದ ಮಾಯವಾದವು. ಕ್ಯಾನ್‌ಬೆರಾ ಬಳಿಯ ಮುಲ್ಲಿಗನ್ಸ್ ಫ್ಲಾಟ್‌ನಲ್ಲಿ ಬೇಲಿ ಹಾಕಿ 2012ರಲ್ಲಿ ಟ್ಯಾಸ್ಮೇನಿಯಾದಿಂದ ತಂದುಬಿಟ್ಟರು. ಬೇಲಿ ಇಲ್ಲದ ಕಡೆ? ಎಲ್ಲೆಡೆ ಕಾಣಸಿಗುವ, ಯಾರೂ ಕ್ಯಾಮೆರಾ ಎತ್ತದ ವಾಲಬಿಯೇ ಸದ್ದಿಲ್ಲದೆ ಆ ಕೆಲಸದ ಒಂದು ಪಾಲು ಮಾಡುತ್ತಿದೆ. ಸಂರಕ್ಷಣೆಯ ಹಣವೆಲ್ಲ ಅಪರೂಪದ ಪ್ರಾಣಿಗಳಿಗೇ ಹೋಗುವುದು ನೋಡಿ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ತರಗತಿಯಲ್ಲಿ ಇದನ್ನೆಲ್ಲ ಹೇಳುವ ಮೊದಲು ಒಣಗಿದ ಹಿಕ್ಕೆ ಕೈಗೆ ಕೊಡುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಎರಡು ನಿಮಿಷದಲ್ಲಿ ಮರೆತುಬಿಡುತ್ತಾರೆ. ನೀರಲ್ಲಿ ಪುಡಿಮಾಡಿ, ಸೋಸಿ, ಒಂದು ಹನಿ ಸ್ಲೈಡಿಗೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿದರೆ, ಹುಲ್ಲುಸೊಪ್ಪಿನ ಚೂರುಗಳ ನಡುವೆ ಬೀಜಕಗಳು ಕಾಣುತ್ತವೆ: ಕೆಲವು ನುಣ್ಣನೆಯ ಮೊಟ್ಟೆಯಾಕಾರ, ಕೆಲವು ಮೈಯೆಲ್ಲ ಮುಳ್ಳು. ವಿದ್ಯಾರ್ಥಿಗಳು ಕೂಡಲೇ ಎಣಿಸಲು ಶುರುಮಾಡುತ್ತಾರೆ, ತಡೆಯುತ್ತೇನೆ. ಒಂದೇ ಟ್ರಫಲ್‌ನಲ್ಲಿ ಲೆಕ್ಕವಿಲ್ಲದಷ್ಟು ಬೀಜಕ ಇರುವುದರಿಂದ, ಹೆಚ್ಚು ಬೀಜಕ ಕಂಡಿತೆಂದರೆ ಹೆಚ್ಚು ಟ್ರಫಲ್ ತಿಂದಿದೆ ಎಂದಲ್ಲ. ಆಕಾರ ನೋಡಿ ಜಾತಿ ಹೇಳುವುದೂ ಕಷ್ಟ, ಹೆಚ್ಚಿನವು ಕುಲದ (ಹತ್ತಿರದ ಜಾತಿಗಳ ಗುಂಪಿನ) ಮಟ್ಟಕ್ಕೇ ನಿಲ್ಲುತ್ತವೆ. ಡಿಎನ್‌ಎ ಪರೀಕ್ಷೆ ಅದಕ್ಕಿಂತ ಮುಂದೆ ಹೋಗುತ್ತದೆ, ಆದರೆ ಬೀಜಕ ಜೀವಂತವಾಗಿದೆಯೋ ಇಲ್ಲವೋ ಅದು ಹೇಳದು. ಅದಕ್ಕೆ ಈಗಲೂ ಕುಂಡದಲ್ಲಿ ಸಸಿ ನೆಟ್ಟು, ತಿಂಗಳುಗಟ್ಟಲೆ ಕಾದು, ಬೇರು ತೊಳೆದು ನೋಡಬೇಕು.